ಅವಧಾನವೂ ಸೆರೆಮನೆಯೂ

ಅವಧಾನವೆಂಬುದು ನಮ್ಮ ನಾಡಿನಲ್ಲಿ ಗೌರವದ ಮಾತು. ಎಂಟು ಮಂದಿ ಪೃಚ್ಛಕರು ಸುತ್ತಲೂ ಕುಳಿತು ಒಬ್ಬೊಬ್ಬರೂ ಒಂದೊಂದು ಬಗೆಯ ತೊಡಕನ್ನು ಒಡ್ಡುತ್ತಿರಲು, ಅಷ್ಟನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೊನೆಗೆ ಒಂದನ್ನೂ ಬಿಡದೆ ಒಪ್ಪಿಸುವ ವಿದ್ವಾಂಸನನ್ನು ಅಷ್ಟಾವಧಾನಿಯೆಂದು ಕರೆದು ಶಾಲು ಹೊದಿಸುತ್ತೇವೆ. ಆ ಎಂಟು ಮಂದಿಯಲ್ಲಿ ಒಬ್ಬನಿಗೆ ಅಪ್ರಸ್ತುತ ಪ್ರಸಂಗದ ಅಧಿಕಾರ. ಪದ್ಯವು ಮೂರನೆಯ ಪಾದಕ್ಕೆ ಬರುತ್ತಿರುವಾಗ, "ಸ್ವಾಮಿ, ಈ ದಿನ ತಮ್ಮ ಮನೆಯಲ್ಲಿ ಏನು ಸಾರು?" ಎಂದು ಕೇಳಿ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವನ ಕೆಲಸ. ಸಭೆ ನಗುತ್ತದೆ, ಅವಧಾನಿಯೂ ನಕ್ಕು ತಕ್ಕ ಉತ್ತರವನ್ನು ಕೊಟ್ಟು ಮತ್ತೆ ತನ್ನ ಪದ್ಯಕ್ಕೆ ಹಿಂತಿರುಗುತ್ತಾನೆ. ಹಾಗೆ ಹಿಂತಿರುಗುವುದೇ ಅಲ್ಲಿನ ವಿದ್ಯೆ. ಹುಟ್ಟಿದಂದಿನಿಂದಲೂ ತಲೆಯೊಳಗೇ ಇಂತಹ ಒಬ್ಬ ಅಪ್ರಸ್ತುತ ಪ್ರಸಂಗಿಯನ್ನು ಕೂರಿಸಿಕೊಂಡು, ಹಿಂತಿರುಗುವ ವಿದ್ಯೆ ಮಾತ್ರ ಕೈಗೆ ಹತ್ತದೆ ಬಾಳುವ ಜನರೂ ಲೋಕದಲ್ಲಿ ಉಂಟು. ಅವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಅವರಲ್ಲಿ ಕೆಲವರು ಸೆರೆಮನೆಯನ್ನು ಸೇರುತ್ತಾರೆ. ಅಲ್ಲಿ ಅವರಿಗೆ ಚಿಕಿತ್ಸೆ ಸಲ್ಲಬೇಕೆ, ಸಲ್ಲುವುದಾದರೆ ಹೇಗೆ, ಎಂಬುದನ್ನು ಕುರಿತು ನಾನು ಕಂಡುದನ್ನೂ ಓದಿ ತಿಳಿದುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ನ್ಯಾಯಾಲಯವೊಂದರಲ್ಲಿ ಗುಮಾಸ್ತನಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾಗಿ, ಈಗ ಹುಟ್ಟೂರಾದ ಹುಲಿಕೆರೆಯಲ್ಲಿ ತೆಂಗಿನ ಮರಗಳ ಲೆಕ್ಕವನ್ನು ನೋಡಿಕೊಂಡಿರುವವನು. ಕಚೇರಿಯಲ್ಲಿದ್ದಷ್ಟು ಕಾಲವೂ ನಾನು ಕೇಳಿದ ಮುಖ್ಯವಾದ ಧ್ವನಿಯೆಂದರೆ ಕೂಗಿನದು. ಪ್ರಕರಣದ ಸಂಖ್ಯೆಯನ್ನೂ ಪಕ್ಷಗಾರನ ಹೆಸರನ್ನೂ ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತಾರೆ. ಬಂದು ನಿಂತವನಿಗೆ ಮುಂದಿನ ವಾಯಿದೆ, ಬಾರದವನಿಗೆ ವಾರಂಟು. ಬೆಳಿಗ್ಗೆ ಹತ್ತು ಗಂಟೆಗೇ ಬಂದು ಆವರಣದ ಹೊಂಗೆಯ ಮರದಡಿ ಎರಡು ಗಂಟೆಯ ಕಾಲ ಕಾದು, ಸರಿಯಾಗಿ ತನ್ನ ಹೆಸರನ್ನು ಕೂಗುವ ಹೊತ್ತಿಗೆ ಟೀ ಕುಡಿಯಲೋ, ಯಾರದೋ ಜಗಳ ನೋಡಲೋ ಗೇಟಿನಾಚೆ ಹೋಗಿರುವವರನ್ನು ನಾನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ತಪ್ಪಿಸಿಕೊಂಡು ಓಡುವ ಉದ್ದೇಶವಿದ್ದವನು ಹತ್ತು ಗಂಟೆಗೆ ಬಂದು ಕಾಯುವುದಿಲ್ಲವಷ್ಟೆ! ಆದರೆ ಕಡತದಲ್ಲಿ ಇಬ್ಬರಿಗೂ ಒಂದೇ ಷರಾ: ಗೈರುಹಾಜರು.

ವೈದ್ಯರು ಈ ಸ್ವಭಾವಕ್ಕೆ ಅವಧಾನ ನ್ಯೂನತೆ ಮತ್ತು ಅತಿಚಟುವಟಿಕೆಯ ವ್ಯಾಧಿ ಎಂದು ಹೆಸರಿಟ್ಟಿದ್ದಾರೆ. ಎ.ಡಿ.ಎಚ್.ಡಿ. ಎಂಬ ಅದರ ಇಂಗ್ಲಿಷಿನ ಕಿರುಹೆಸರು ಈಗ ನಮ್ಮ ಪೇಟೆಯ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಹೆಸರು ಹೊಸದಾದರೂ ಸಂಗತಿ ಹೊಸದಲ್ಲ. ಅಲೆಗ್ಸಾಂಡರ್ ಕ್ರಿಕ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1798ರಲ್ಲಿಯೇ ಮನಸ್ಸು ಒಂದೆಡೆ ನಿಲ್ಲದ ಸ್ಥಿತಿಯನ್ನು ವ್ಯಾಧಿಯೆಂದು ವರ್ಣಿಸಿದ್ದನು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ಮಾಡಿ, ಅದು ನೈತಿಕ ನಿಗ್ರಹದ ದೋಷವೆಂದು ಹೇಳಿದನು. ಈಗಿನ ವೈದ್ಯರು ನೀತಿಯ ಮಾತನ್ನು ಬಿಟ್ಟಿದ್ದಾರೆ. ವ್ಯಾಧಿಗೆ ಮೂರು ಮುಖಗಳನ್ನು ಹೇಳುತ್ತಾರೆ. ಗಮನ ನಿಲ್ಲದಿರುವುದು ಒಂದು. ಕೈಕಾಲು ನಿಲ್ಲದಿರುವುದು ಎರಡನೆಯದು. ಮನಸ್ಸಿಗೆ ಬಂದುದನ್ನು ಆ ಕ್ಷಣವೇ ಮಾಡಿಬಿಡುವುದು, ಸರದಿಗಾಗಿ ಕಾಯಲಾರದಿರುವುದು ಮೂರನೆಯದು. ಮೊದಲನೆಯದರಿಂದ ಪರೀಕ್ಷೆಯಲ್ಲಿ ನಪಾಸಾಗಬಹುದು, ಎರಡನೆಯದರಿಂದ ಬೆಂಚಿನ ಮೇಲೆ ನಿಲ್ಲಬೇಕಾಗಬಹುದು. ಮನುಷ್ಯನನ್ನು ಪೊಲೀಸು ಠಾಣೆಯವರೆಗೆ ಕರೆದೊಯ್ಯುವುದು ಬಹುಮಟ್ಟಿಗೆ ಮೂರನೆಯದೇ.

ಇದನ್ನೆಲ್ಲ ನಾನು ವಿಚಾರಿಸಿ ತಿಳಿಯಬೇಕಾಗಿ ಬಂದದ್ದು ನನ್ನ ಅಕ್ಕನ ಮಗನ ಕಾರಣದಿಂದ. ಅವನ ಹೆಸರು ಇಲ್ಲಿ ಬೇಡ. ನಮ್ಮೂರಿನಲ್ಲಿ ಹೊಯ್ಸಳರ ಕಾಲದ ಒಂದು ಕಲ್ಯಾಣಿಯುಂಟು. ಹಳೇಬೀಡಿಗೆ ಬಂದ ಯಾತ್ರಿಕರು ಹೊಯ್ಸಳೇಶ್ವರನನ್ನು ನೋಡಿಕೊಂಡು ನೆಟ್ಟಗೆ ಬೇಲೂರಿಗೆ ಹೋಗಿಬಿಡುವುದರಿಂದ ಇಲ್ಲಿಯವರೆಗೆ ಬರುವವರು ಕಡಿಮೆ. ಬಂದವರು ಮಾತ್ರ ಮೆಟ್ಟಿಲುಗಳ ಸುತ್ತಲಿನ ಪುಟ್ಟ ಗುಡಿಗಳನ್ನು ನೋಡುತ್ತ ಬಹಳ ಹೊತ್ತು ನಿಲ್ಲುತ್ತಾರೆ. ಈ ಹುಡುಗ ಆರು ವರ್ಷದವನಾಗಿದ್ದಾಗ ಆ ಗುಡಿಗಳ ನೆತ್ತಿಯಿಂದ ನೆತ್ತಿಗೆ ಹಾರುತ್ತ ಸುತ್ತು ಹಾಕುತ್ತಿದ್ದನು. ಎರಡು ಸಲ ನೀರಿಗೆ ಬಿದ್ದು, ಒಂದು ಸಲ ಮುಂಗೈ ಮುರಿದುಕೊಂಡನು. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮಾರನೆಯ ದಿನವೇ ಮತ್ತೆ ಅಲ್ಲಿದ್ದನು. ಎಮ್ಮೆಯನ್ನು ಹೊಡೆದುಕೊಂಡು ಹೋದರೆ ಎಮ್ಮೆ ಒಂದು ಕಡೆ, ಇವನೊಂದು ಕಡೆ. ಪಾಠ ಒಪ್ಪಿಸುವಾಗ ಮೊದಲೆರಡು ಸಾಲು ಸರಿಯಾಗಿ ಬರುತ್ತಿದ್ದವು. ಮೂರನೆಯದಕ್ಕೆ ಕಣ್ಣು ಕಿಟಕಿಯಲ್ಲಿ. ಒಳ್ಳೆಯ ಮನಸ್ಸಿನ ಹುಡುಗ, ಕೈಯಲ್ಲಿದ್ದುದನ್ನು ಕೊಟ್ಟುಬಿಡುವವನು. ಆದರೆ ಊರಿನಲ್ಲಿ ಅವನಿಗೆ ನಿಂತ ಹೆಸರು ಉಡಾಳ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು, ನಾಲ್ಕಾರು ಕೆಲಸಗಳನ್ನು ಹಿಡಿದು ಬಿಟ್ಟು, ಕಡೆಗೆ ಅರಸೀಕೆರೆಯ ಕಡೆಗೆ ತೆಂಗಿನಕಾಯಿ ಹೇರುವ ಟೆಂಪೋಕ್ಕೆ ಚಾಲಕನಾದನು. ಆ ಕೆಲಸದಲ್ಲಿ ಮಾತ್ರ ನಾಲ್ಕು ವರ್ಷ ನಿಂತನು. ಸದಾ ಚಲಿಸುತ್ತಿರುವ ಉದ್ಯೋಗವಾದ್ದರಿಂದ ಹಿಡಿಸಿರಬೇಕು.

2021ರಲ್ಲಿ ಒಂದು ದಿನ ಕಾಯಿ ಇಳಿಸುವ ಸರದಿಯಲ್ಲಿ ಇವನ ಗಾಡಿಯ ಮುಂದೆ ಇನ್ನೊಬ್ಬ ಯುವಕನು ತನ್ನ ಗಾಡಿಯನ್ನು ತೂರಿಸಿದನು. ಮಾತಿಗೆ ಮಾತು ಬೆಳೆಯಿತು ಎಂದು ಹೇಳುವುದು ರೂಢಿ. ಇಲ್ಲಿ ಬೆಳೆಯಲು ಅವಕಾಶವೇ ಇರಲಿಲ್ಲ. ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರು ಕೈಯಲ್ಲಿತ್ತು. ಅದು ಆ ಯುವಕನ ಕಪಾಲಕ್ಕೆ ಬಲಗಡೆಯಲ್ಲಿ ಬಿದ್ದಿತು. ಗಾಯಗೊಂಡವನನ್ನು ತನ್ನ ಟೆಂಪೋದಲ್ಲಿಯೇ ಹಾಕಿಕೊಂಡು ಆಸ್ಪತ್ರೆಗೆ ಒಯ್ದವನೂ ಇವನೇ. ಪೊಲೀಸರು ಅವನನ್ನು ಹಿಡಿದದ್ದು ಅಲ್ಲಿಯೇ.

ಜಾಮೀನು ದೊರೆಯಿತು. ಮೊದಲೆರಡು ವಾಯಿದೆಗಳಿಗೆ ನಾನೇ ಜೊತೆಯಲ್ಲಿ ಹೋದೆನು. ಮೂರನೆಯದನ್ನು ಅವನು ಮರೆತನು. ನಾಲ್ಕನೆಯದಕ್ಕೆ ಹೋಗಿ, ಕೂಗುವ ಹೊತ್ತಿಗೆ ಹೊರಗಿದ್ದನು. ಜಾಮೀನು ರದ್ದಾಗಿ 2022ರಲ್ಲಿ ಅವನು ವಿಚಾರಣಾಧೀನ ಬಂದಿಯಾಗಿ ಸೆರೆಮನೆಗೆ ಹೋದನು. ಇಂಥವರ ಸಂಖ್ಯೆ ಅಲ್ಪವೆಂದು ಯಾರೂ ಭಾವಿಸಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ಲೆಕ್ಕದಂತೆ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ ನೂರಕ್ಕೆ 75.8 ಮಂದಿ ಇನ್ನೂ ತೀರ್ಪಾಗದ ವಿಚಾರಣಾಧೀನರು. ಜಾಗವಿದ್ದದ್ದು 4,36,266 ಮಂದಿಗೆ.

ಸೆರೆಮನೆಯ ಜೀವನವನ್ನು ಹೊರಗಿನವರು ಸೋಮಾರಿತನದ ಜೀವನವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಅವಧಾನದ ದೊಡ್ಡ ಪರೀಕ್ಷೆ. ಬೆಳಗಾಗುವ ಮೊದಲು ಎದ್ದು ಎಣಿಕೆಗೆ ಕೂರಬೇಕು. ಒಬ್ಬನು ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ. ಅನ್ನಕ್ಕೆ ಸಾಲು, ನೀರಿಗೆ ಸಾಲು, ಶೌಚಕ್ಕೆ ಸಾಲು, ಮನೆಯವರೊಡನೆ ಮಾತನಾಡುವುದಕ್ಕೂ ಸಾಲು. ಅರ್ಜಿಯನ್ನು ಬರೆಯಬೇಕು, ಬರೆದುದನ್ನು ನೆನಪಿಡಬೇಕು, ಉತ್ತರ ಬರುವವರೆಗೆ ತಡೆಯಬೇಕು. ನೂರಾರು ಜನರ ಗದ್ದಲದಲ್ಲಿ ತನ್ನ ಹೆಸರನ್ನು ಮಾತ್ರ ಕೇಳಿಸಿಕೊಳ್ಳಬೇಕು. ಕಾಯಲಾರದೆ ತಪ್ಪು ಮಾಡಿದವನನ್ನು ಕಾಯುವುದೊಂದೇ ಕೆಲಸವಾಗಿರುವ ಸ್ಥಳದಲ್ಲಿ ತಂದಿರಿಸಿದ ಹಾಗಾಯಿತು. ಮೂರು ತಿಂಗಳಲ್ಲಿ ನಮ್ಮ ಹುಡುಗನ ಮೇಲೆ ಐದು ದೂರುಗಳು ದಾಖಲಾದುವು. ಐದಕ್ಕೆ ಐದೂ ಸಾಲಿನಲ್ಲಿ ಆದ ಜಗಳಗಳು. ಅವನನ್ನು ಬೇರೆಯಾಗಿ ಇರಿಸಿದರು. ನಾನು ನೋಡಲು ಹೋದಾಗ, "ಮಾವ, ಒಳಗೆ ಏನೋ ಮೋಟಾರು ಓಡುತ್ತಲೇ ಇರುತ್ತದೆ. ಬಾಗಿಲು ಹಾಕಿದ ಮೇಲೆ ಅದರ ಸದ್ದು ಇನ್ನೂ ಜಾಸ್ತಿ" ಎಂದನು. ಅಂತಹ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆ ಸೆರೆಮನೆಗೆ ಆಗಾಗ ಬರುತ್ತಿದ್ದ ಮಾನಸಿಕ ವೈದ್ಯೆಯೊಬ್ಬರು ಅವನನ್ನು ಕಂಡು, ಈ ಮೋಟಾರಿನ ಮಾತನ್ನು ಕೇಳಿ, ಬಾಲ್ಯದಲ್ಲಿ ಅವನನ್ನು ಬಲ್ಲವರು ಯಾರಾದರೂ ಬರಬೇಕೆಂದು ಹೇಳಿಕಳುಹಿಸಿದರು. ಅಕ್ಕನೂ ನಾನೂ ಹೋದೆವು. ಇದು ವಯಸ್ಸಾದ ಮೇಲೆ ಹಿಡಿಯುವ ರೋಗವಲ್ಲವೆಂದೂ, ಲಕ್ಷಣಗಳು ಹನ್ನೆರಡು ವರ್ಷದೊಳಗೇ ತೋರಿರಬೇಕೆಂಬುದು ನಿಯಮವೆಂದೂ, ಮನೆ ಶಾಲೆ ಎರಡರಲ್ಲಿಯೂ ತೋರಿತ್ತೇ ಎಂಬುದನ್ನು ವಿಚಾರಿಸದೆ ನಿರ್ಣಯಿಸುವಂತಿಲ್ಲವೆಂದೂ ಅವರು ವಿವರಿಸಿದರು. ಅದಕ್ಕೆ ಕಾರಣವೂ ಇದೆ. ಸೆರೆಮನೆಯಲ್ಲಿ ಯಾರ ಮನಸ್ಸು ತಾನೆ ನಿಂತೀತು? ನಿದ್ರೆಯಿಲ್ಲದವನು, ಗಾಂಜಾ ಬಿಟ್ಟು ನಾಲ್ಕು ದಿನವಾದವನು, ತಲೆಗೆ ಏಟು ಬಿದ್ದವನು, ಹೆಂಡತಿ ಮಕ್ಕಳ ಚಿಂತೆಯಲ್ಲಿರುವವನು, ಇವರೆಲ್ಲರೂ ಪ್ರಶ್ನಪತ್ರಿಕೆಯಲ್ಲಿ ಒಂದೇ ಬಗೆಯ ಉತ್ತರಗಳನ್ನು ಬರೆಯುತ್ತಾರೆ. ಅಕ್ಕ ತನ್ನ ಮದುವೆಯ ಟ್ರಂಕಿನ ತಳದಿಂದ ಅವನ ಪ್ರಗತಿಪತ್ರಗಳನ್ನು ತೆಗೆದುಕೊಂಡು ಬಂದಿದ್ದಳು. ಅಂಕಗಳ ಅಂಕಣವನ್ನು ಆ ವೈದ್ಯೆ ನೋಡಲೇ ಇಲ್ಲ. ಉಪಾಧ್ಯಾಯರ ಷರಾಗಳನ್ನು ಮಾತ್ರ ಓದುತ್ತ ಹೋದರು. ಎರಡನೆಯ ತರಗತಿ: ಚುರುಕು, ಕುಳಿತಲ್ಲಿ ಕೂರುವುದಿಲ್ಲ. ಮೂರನೆಯದು: ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆ. ಐದನೆಯದು: ಪುಸ್ತಕ ಕಳೆದಿದ್ದಾನೆ, ಮೂರನೆಯ ಸಲ. ಬೇರೆ ಬೇರೆ ಉಪಾಧ್ಯಾಯರು ಬೇರೆ ಬೇರೆ ಮಸಿಯಲ್ಲಿ ಬರೆದದ್ದು ಕೂಡಿ ಒಂದು ವೈದ್ಯಕೀಯ ವರದಿಯಂತೆ ಇತ್ತು. ಬಡವರ ಮನೆಯಲ್ಲಿ ಇಂತಹ ಕಾಗದಗಳು ಉಳಿಯುವುದು ಅಪರೂಪ. ಗೆದ್ದಲು, ಮಳೆ, ಮನೆ ಬದಲಾವಣೆ ಇವುಗಳಿಗೆ ಸಿಕ್ಕಿ ಹೋದ ಕಾಗದಗಳ ಜೊತೆಯಲ್ಲಿ ಎಷ್ಟು ಮಂದಿಯ ರೋಗನಿರ್ಣಯಗಳೂ ಹೋಗಿವೆಯೋ!

ಸೆರೆಮನೆಗಳಲ್ಲಿ ಈ ವ್ಯಾಧಿಯವರು ಎಷ್ಟು ಎಂಬ ವಿಷಯದಲ್ಲಿ ಪಂಡಿತರಲ್ಲಿಯೇ ಒಮ್ಮತವಿಲ್ಲ. ಹೊರಗಿನ ಸಮಾಜದಲ್ಲಿ ವಯಸ್ಕರ ಪೈಕಿ ನೂರಕ್ಕೆ ಇಬ್ಬರೋ ಮೂವರೋ ಇರುವರೆಂದು ಹೇಳುತ್ತಾರೆ. ಹಲವು ದೇಶಗಳ ನಲವತ್ತೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ಬಂದಿಗಳಲ್ಲಿ ನೂರಕ್ಕೆ ಇಪ್ಪತ್ತೈದು ಮಂದಿ. ವೈದ್ಯರು ಎದುರು ಕುಳಿತು ನಿರ್ಣಯಿಸಿದ ಪ್ರಕರಣಗಳನ್ನು ಮಾತ್ರ ಹಿಡಿದು 2024ರಲ್ಲಿ ಬಂದ ಇನ್ನೊಂದು ಲೆಕ್ಕದಂತೆ ಸುಮಾರು ಎಂಟು. ನನಗೆ ಎರಡನೆಯದೇ ನಂಬಲರ್ಹವಾಗಿ ಕಾಣುತ್ತದೆ. ಎಂಟೇ ಆದರೂ ಅದು ಹೊರಗಿನದಕ್ಕಿಂತ ಮೂರು ಪಾಲು ಅಧಿಕವಾಯಿತು.

ನಮ್ಮ ಕರ್ನಾಟಕದಲ್ಲಿ ಸೆರೆಮನೆಯವರ ಮನಸ್ಸಿನ ಆರೋಗ್ಯವನ್ನು ಕೂಲಂಕಷವಾಗಿ ನೋಡಿದ ಒಂದು ದೊಡ್ಡ ಪ್ರಯತ್ನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರಾದ ಸುರೇಶ ಬಡಾ ಮಠ, ಪ್ರತಿಮಾ ಮೂರ್ತಿ ಮೊದಲಾದವರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿಯನ್ನು ಹೊರತಂದರು. ಮಾದಕ ಪದಾರ್ಥ, ತಂಬಾಕುಗಳ ಚಟವನ್ನೂ ಸೇರಿಸಿದರೆ ನೂರಕ್ಕೆ ಸುಮಾರು ಎಂಬತ್ತು ಮಂದಿಗೆ ಒಂದಲ್ಲ ಒಂದು ತೊಂದರೆಯಿತ್ತು. ಚಟಗಳನ್ನು ಬಿಟ್ಟು ಎಣಿಸಿದರೂ ನೂರಕ್ಕೆ 27.6 ಮಂದಿ. ಅನಂತರ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಸೆರೆಮನೆಗಳ ವೈದ್ಯಾಧಿಕಾರಿಗಳೆಲ್ಲರಿಗೂ ಮನೋರೋಗ ಚಿಕಿತ್ಸೆಯ ಪ್ರಾಥಮಿಕ ಶಿಕ್ಷಣವನ್ನು ಕೊಡಿಸಬೇಕೆಂದೂ, ಪ್ರತಿಯೊಂದು ರಾಜ್ಯದಲ್ಲಿಯೂ ಕನಿಷ್ಠಪಕ್ಷ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾಲಯವಿರಬೇಕೆಂದೂ ವಿಧಿಸುತ್ತದೆ. ರಾಜ್ಯಕ್ಕೆ ಒಂದು! ಕಾಯಿದೆಯನ್ನು ಬರೆದವರು ಕನಿಷ್ಠವೆಂದು ಬರೆದುದನ್ನು ಆಡಳಿತದವರು ಗರಿಷ್ಠವೆಂದು ಓದುವುದು ನನ್ನ ಕಚೇರಿಯ ಅನುಭವ.

ಇನ್ನು ಔಷಧದ ವಿಚಾರ. ಈ ವ್ಯಾಧಿಗೆ ಪ್ರಸಿದ್ಧವಾದ ಔಷಧ ಮೀಥೈಲ್‌ಫೆನಿಡೇಟ್. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿದ್ದ ಲಿಯಾಂಡ್ರೊ ಪಾನಿಟ್ಸೋನ್ ಎಂಬ ರಸಾಯನಶಾಸ್ತ್ರಜ್ಞನು 1944ರಲ್ಲಿ ಇದನ್ನು ತಯಾರಿಸಿದನು. ಅವನ ಹೆಂಡತಿ ಮಾರ್ಗರೀಟಳನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರಾದ್ದರಿಂದ ಪೇಟೆಯಲ್ಲಿ ಅದು ರಿಟಾಲಿನ್ ಆಯಿತು. ಇದು ಉತ್ತೇಜಕವಾದ ಔಷಧ. ಚಂಚಲನಾದವನಿಗೆ ಉತ್ತೇಜಕವನ್ನು ಕೊಡುವುದು ಉರಿಯುವ ಒಲೆಗೆ ಸೌದೆಯಿಟ್ಟಂತಲ್ಲವೇ ಎಂದು ಅಕ್ಕ ಕೇಳಿದಳು. ಮಿದುಳಿನಲ್ಲಿ ತಡೆಯುವ ಕೆಲಸವನ್ನು ಮಾಡುವ ಭಾಗವೇ ಇಂಥವರಲ್ಲಿ ಮಂಕಾಗಿರುವುದೆಂದೂ, ಔಷಧವು ಎಚ್ಚರಿಸುವುದು ಆ ಕಾವಲುಗಾರನನ್ನೆಂದೂ ವೈದ್ಯೆ ಉತ್ತರ ಕೊಟ್ಟರು. ಡೋಪಮೀನ್, ನಾರ್‌ಅಡ್ರಿನಲೀನ್ ಎಂಬ ದ್ರವ್ಯಗಳು ನರಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಅದು ಮಾಡುತ್ತದೆಯಂತೆ.

ಆದರೆ ಸೆರೆಮನೆಯಲ್ಲಿ ಈ ಮಾತ್ರೆಗೆ ಬೇರೊಂದು ಬೆಲೆ ಬಂದುಬಿಡುತ್ತದೆ. ರೋಗವಿಲ್ಲದವನು ಅದನ್ನು ಪುಡಿಮಾಡಿ ಮತ್ತಿಗಾಗಿ ಸೇದಬಹುದು. ದುರ್ಬಲನಾದ ರೋಗಿಯಿಂದ ಬಲಿಷ್ಠನು ಕಿತ್ತುಕೊಳ್ಳಬಹುದು. ನಾಲಗೆಯ ಕೆಳಗೆ ಅಡಗಿಸಿ ತಂದು ಬೀಡಿಗೆ ಮಾರಬಹುದು. ನಮ್ಮ ದೇಶದಲ್ಲಿ ಇದು ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿದ್ದು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವನು ಎರಡು ವರ್ಷ ಕಾಪಾಡಿಕೊಳ್ಳಬೇಕು. 1985ರ ಮಾದಕ ದ್ರವ್ಯಗಳ ಕಾಯಿದೆಯ ಪಟ್ಟಿಯಲ್ಲಿಯೂ ಅದರ ಹೆಸರಿದೆ. ಆ ಕಾಯಿದೆಯ ಪ್ರಕಾರ ಬಂಧಿತರಾದವರೇ ತುಂಬಿರುವ ಸ್ಥಳಕ್ಕೆ ಅದೇ ಪಟ್ಟಿಯ ಔಷಧವನ್ನು ತರಿಸಲು ಯಾವ ಅಧಿಕಾರಿಯೂ ಹಿಂಜರಿಯುವುದು ಸಹಜ. ಇದನ್ನು ನಾನು ಹೇಡಿತನವೆಂದು ಕರೆಯಲಾರೆ.

ಔಷಧದಿಂದ ಪ್ರಯೋಜನವುಂಟೇ ಎಂಬುದಕ್ಕೂ ಒಂದೇ ಮಾತಿನ ಉತ್ತರವಿಲ್ಲ. ಸ್ವೀಡನ್ನಿನ ನೋರ್‌ಟೇಲ್ಯ ಸೆರೆಮನೆಯಲ್ಲಿ ದೀರ್ಘ ಶಿಕ್ಷೆಯ ಮೂವತ್ತು ಮಂದಿಗೆ ನಿಜವಾದ ಮಾತ್ರೆಯನ್ನೋ ಹುಸಿ ಮಾತ್ರೆಯನ್ನೋ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಬಹಳ ಒಳ್ಳೆಯ ಫಲ ಕಂಡಿತೆಂದು 2012ರಲ್ಲಿ ವರದಿಯಾಯಿತು. ಅದೇ ವರ್ಷ ಅದೇ ದೇಶದವರು, ಈ ವ್ಯಾಧಿಯಿದ್ದ 25,656 ಮಂದಿಯ ದಾಖಲೆಗಳನ್ನು ಹೋಲಿಸಿ, ಔಷಧ ಸೇವಿಸುತ್ತಿದ್ದ ಅವಧಿಗಳಲ್ಲಿ ಅಪರಾಧಗಳು ಗಂಡಸರಲ್ಲಿ ನೂರಕ್ಕೆ 32ರಷ್ಟೂ ಹೆಂಗಸರಲ್ಲಿ 41ರಷ್ಟೂ ಕಡಮೆಯಾಗಿದ್ದುವೆಂದು ತೋರಿಸಿದರು. ಇಷ್ಟನ್ನು ಓದಿ ನಾನು ಬಹಳ ಉತ್ಸಾಹಗೊಂಡಿದ್ದೆನು. ಆಮೇಲೆ 2023ರಲ್ಲಿ ಬ್ರಿಟನ್ನಿನ ವರದಿ ಬಂದಿತು. ಲಂಡನ್ನಿನ ಮತ್ತು ಸ್ಕಾಟ್ಲೆಂಡಿನ ಎರಡು ಸೆರೆಮನೆಗಳಲ್ಲಿ ಹದಿನಾರರಿಂದ ಇಪ್ಪತ್ತೈದು ವಯಸ್ಸಿನ 200 ಯುವಕರಿಗೆ ಎಂಟು ವಾರಗಳ ಕಾಲ ಕೊಟ್ಟುನೋಡಿದರೆ, ನಿಜವಾದ ಮಾತ್ರೆಗೂ ಹುಸಿ ಮಾತ್ರೆಗೂ ವ್ಯತ್ಯಾಸವೇ ಕಾಣಲಿಲ್ಲ. ಮೊದಲನೆಯದು ಮೂವತ್ತು ಮಂದಿಯ ಪರೀಕ್ಷೆ, ಇದು ಇನ್ನೂರು ಮಂದಿಯದು. ನ್ಯಾಯಾಲಯದಲ್ಲಿದ್ದವನಿಗೆ ಸಾಕ್ಷ್ಯದ ತೂಕ ತಿಳಿಯದಿರದು. ಆದರೂ ಎರಡರ ನಡುವೆ ಒಂದು ಭೇದವಿದೆ. ಸ್ವೀಡನ್ನಿನವರು ರೋಗಿಗಳನ್ನು ಬಹಳ ಎಚ್ಚರಿಕೆಯಿಂದ ಆರಿಸಿ, ಅನಂತರವೂ ಸುಮಾರು ಒಂದು ವರ್ಷ ಅವರ ಕೈಬಿಡದೆ, ಮಾತಿನ ಚಿಕಿತ್ಸೆಯನ್ನೂ ಜೊತೆಗೆ ನಡೆಸಿದರು. ಮಾತ್ರೆಯೊಂದನ್ನೇ ಒಡ್ಡಿ, ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿ, ಎಂಟು ವಾರಕ್ಕೆ ಫಲ ಕೇಳುವುದಕ್ಕೆ ಈ ವ್ಯಾಧಿ ಮಲೇರಿಯವಲ್ಲ ಎಂಬಷ್ಟನ್ನು ನಾನು ಈ ಎರಡು ವರದಿಗಳಿಂದ ತಿಳಿದುಕೊಂಡಿದ್ದೇನೆ.

ಔಷಧವಿಲ್ಲದೆ ಅವಧಾನವನ್ನು ಕಲಿಸುವ ಯತ್ನಗಳೂ ನಮ್ಮ ಸೆರೆಮನೆಗಳಲ್ಲಿ ಹಿಂದಿನಿಂದ ನಡೆದುಬಂದಿವೆ. 1994ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಹತ್ತು ದಿನ ಮೌನದಲ್ಲಿ ಕುಳಿತು ವಿಪಶ್ಯನ ಧ್ಯಾನವನ್ನು ಮಾಡಿದರು. ಮೈಸೂರಿನ ರಂಗಾಯಣದ ನಟರಾದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಬಂದಿಗಳಿಂದ ನಾಟಕಗಳನ್ನು ಆಡಿಸಿದ್ದು ಹೆಚ್ಚಿನ ವಾಚಕರಿಗೆ ತಿಳಿದೇ ಇದೆ. ಧ್ಯಾನಕ್ಕಿಂತ ನಾಟಕವೇ ನಮ್ಮ ಹುಡುಗನಂಥವರಿಗೆ ಹೊಂದುವುದೆಂದು ನನ್ನ ಭಾವನೆ. ಅಲ್ಲಿ ಎದುರಿನವನ ಮಾತು ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಆದರೆ ಕೈಕಾಲು ಆಡಿಸಲು ಅವಕಾಶವಿದೆ. ಹತ್ತು ದಿನ ಕದಲದೆ ಕುಳಿತಿರು ಎಂದರೆ ಅವನು ಮೊದಲನೆಯ ದಿನವೇ ಗೋಡೆ ಹತ್ತಿಯಾನು.

ನಮ್ಮ ವೈದ್ಯೆ ಮೀಥೈಲ್‌ಫೆನಿಡೇಟಿನ ಗೊಡವೆಗೆ ಹೋಗಲಿಲ್ಲ. ಅಟೊಮಾಕ್ಸೆಟೀನ್ ಎಂಬ ಇನ್ನೊಂದು ಔಷಧವನ್ನು ಬರೆದುಕೊಟ್ಟರು. ಅದು ಉತ್ತೇಜಕವಲ್ಲ, ಮತ್ತು ಬರಿಸದು, ಆದ್ದರಿಂದ ಅದನ್ನು ಕದಿಯುವವರೂ ಇಲ್ಲ. ಆದರೆ ಗಂಟೆಯೊಳಗೆ ಕೆಲಸ ಮಾಡುವಂಥದಲ್ಲ. ಫಲ ಕಾಣಲು ವಾರಗಳು ಬೇಕು. ಕಾಯಲಾರದ ರೋಗದವನಿಗೆ ಕಾಯಿಸುವ ಔಷಧ! ದಿನವೂ ಬೆಳಿಗ್ಗೆ ಸೆರೆಮನೆಯ ದಾದಿಯ ಎದುರಿನಲ್ಲಿ ನುಂಗಿ ಬಾಯಿ ತೆರೆದು ತೋರಿಸಬೇಕು. ಮೊದಲ ಹದಿನೈದು ದಿನ ಹೊಟ್ಟೆ ತೊಳಸುವುದು, ಬಾಯೊಣಗುವುದು, ಅನ್ನ ಸೇರದಿರುವುದು. "ಇದು ಬೇಡ ಮಾವ, ಬಿಟ್ಟುಬಿಡುತ್ತೇನೆ" ಎಂದನು. ಅಕ್ಕ ಕಂಬಿಯ ಈಚೆಯಿಂದ, "ಇನ್ನೊಂದು ವಾರ ನೋಡೋ ಮಗ" ಎಂದಳು. ಅವಳು ಹಾಗೆ ನಾಲ್ಕು ವಾರ ಹೇಳಿದಳು.

ಆರನೆಯ ವಾರದ ಹೊತ್ತಿಗೆ ನಾವು ಕಂಡ ಬದಲಾವಣೆಯನ್ನು ಹಿಗ್ಗಿಸದೆ ಹೇಳುವುದಾದರೆ ಇಷ್ಟು: ನಾನು ಮಾತನಾಡುವಾಗ ಅವನು ನನ್ನ ಮುಖವನ್ನು ನೋಡಿದನು, ಮಾತು ಮುಗಿಯುವವರೆಗೂ ನೋಡಿದನು. ತನ್ನ ಮೇಲಿನ ದೋಷಾರೋಪಣ ಪತ್ರವನ್ನು ಕೊನೆಯವರೆಗೂ ಓದಿ, ಗಾಯಗೊಂಡವನು ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನವಿದ್ದನೆಂಬುದನ್ನು ಅಂದು ಮೊದಲ ಬಾರಿಗೆ ತಿಳಿದುಕೊಂಡನು. ಒಂದು ವರ್ಷದಿಂದ ಅದೇ ಕಾಗದ ಅವನ ಬಳಿ ಇತ್ತು. "ಹತ್ತೊಂಬತ್ತು ದಿನ" ಎಂದು ಎರಡು ಸಲ ಹೇಳಿ ಸುಮ್ಮನಾದನು. ದೂರುಗಳು ನಿಂತುವೆಂದು ಹೇಳಲಾರೆ. ಮುಂದಿನ ಆರು ತಿಂಗಳಿಗೆ ಒಂದು ದಾಖಲಾಯಿತು. ಸಿಟ್ಟು ಹೋಗಿಲ್ಲ, ಬರುವ ದಾರಿ ಸ್ವಲ್ಪ ಉದ್ದವಾಗಿದೆ. ಆ ದಾರಿಯಲ್ಲಿ ಒಂದೆರಡು ಕ್ಷಣ ಅವನಿಗೆ ಸಿಕ್ಕುತ್ತವೆ.

ಹೀಗೆ ಬರೆಯುವಾಗ ಏಟು ತಿಂದವನ ಮಾತನ್ನು ಬಿಡುವುದು ನ್ಯಾಯವಲ್ಲ. ಪ್ರಕರಣ ನಡೆಯುತ್ತಿರುವಾಗ ಆ ಮನೆಯವರನ್ನು ಹುಡುಕಿಕೊಂಡು ಹೋಗುವುದು ತರವಲ್ಲವೆಂದು ಬಲ್ಲ ನಾನು ಹೋಗಿರಲಿಲ್ಲ. ಆದರೆ ಹಳೇಬೀಡಿನ ಬಸ್ಸಿನಲ್ಲಿ ಒಂದು ದಿನ ಆ ಯುವಕನ ತಂದೆ ನನ್ನ ಪಕ್ಕದಲ್ಲಿಯೇ ಬಂದು ಕುಳಿತರು. ಔಷಧದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಕಾಯಿಲೆ ಅಂತೀರಂತಲ್ಲ ಸ್ವಾಮಿ. ಇರಬಹುದು, ನನಗೇನು ಗೊತ್ತು? ನನ್ನ ಮಗನಿಗೆ ಬಲಗಿವಿ ಕೇಳಿಸೋದಿಲ್ಲ. ಅದಕ್ಕೂ ಮಾತ್ರೆ ಇದೆಯಾ?" ಎಂದು ಮೆಲ್ಲನೆ ಕೇಳಿದರು. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಇಳಿಯುವವರೆಗೂ ಇಬ್ಬರೂ ಮಾತನಾಡಲಿಲ್ಲ. ಚಿತ್ತಭ್ರಮಣೆಯಿಂದ ಮಾಡಿದ ಕೃತ್ಯಕ್ಕೆ ಕಾನೂನಿನಲ್ಲಿ ವಿನಾಯಿತಿಯುಂಟು. ಅವಧಾನದ ಕೊರತೆ ಆ ಬಗೆಯದಲ್ಲ, ತಾನು ಏನು ಮಾಡುತ್ತಿರುವೆನೆಂಬುದು ಇವನಿಗೆ ತಿಳಿದೇ ಇತ್ತು. ಹಾಗೆಂದು ವಾದಿಸಬಾರದೆಂದು ನಮ್ಮ ವಕೀಲರಿಗೆ ಅವನೇ ಹೇಳಿದನು.

2023ರಲ್ಲಿ ಮತ್ತೆ ಜಾಮೀನಾಯಿತು. ಬಿಡುಗಡೆಯ ಆದೇಶ ಸೆರೆಮನೆಯನ್ನು ತಲುಪಿದ್ದು ಸಂಜೆಯ ಹೊತ್ತಿಗೆ. ಅವನು ಒಂದು ಚೀಲ, ಒಂದು ಜೊತೆ ಚಪ್ಪಲಿಯೊಡನೆ ಹೊರಗೆ ಬಂದನು. ಔಷಧ ಒಳಗಿನ ಬೀರುವಿನಲ್ಲಿ ಉಳಿಯಿತು. ಬೀರುವಿನ ಕೀಲಿಯವರು ಮನೆಗೆ ಹೋಗಿದ್ದರು. ಚೀಟಿ ಕಡತದಲ್ಲಿತ್ತು, ಕಡತವನ್ನು ಹೊರಗೆ ಕೊಡುವಂತಿಲ್ಲ. ಮಾರನೆಯ ದಿನ ಹಳೇಬೀಡು, ಬೇಲೂರು, ಅರಸೀಕೆರೆ ಮೂರು ಕಡೆಯೂ ಅಲೆದೆವು. ಚೀಟಿಯಿಲ್ಲದೆ ಕೊಡುವುದಿಲ್ಲವೆಂದು ಕೆಲವರು, ಅಂತಹ ಔಷಧವನ್ನು ತರಿಸುವುದೇ ಇಲ್ಲವೆಂದು ಕೆಲವರು. ಎಂಟನೆಯ ದಿನ ಆ ವೈದ್ಯೆಯ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಿ ಹೊಸ ಚೀಟಿ ಬರೆಸಿದೆವು. ಆ ಎಂಟು ದಿನಗಳಲ್ಲಿ ಅವನು ಎರಡು ರಾತ್ರಿ ಮನೆಗೆ ಬಾರದೆ, ಅಕ್ಕ ದೀಪ ಆರಿಸದೆ ಕುಳಿತಿದ್ದಳು. ಸ್ವೀಡನ್ನಿನವರ ಲೆಕ್ಕದಲ್ಲಿ ಅಪರಾಧ ಕಡಮೆಯಾದದ್ದು ಔಷಧ ಸೇವಿಸುತ್ತಿದ್ದ ಅವಧಿಗಳಲ್ಲಿ ಎಂಬ ಮಾತು ನನಗೆ ಆಗ ಬೇರೆಯೇ ರೀತಿಯಲ್ಲಿ ಅರ್ಥವಾಯಿತು. ಬಿಡುಗಡೆಯಾಗುವವನ ಕೈಗೆ ಒಂದು ತಿಂಗಳ ಮಾತ್ರೆಯನ್ನೂ, ಚೀಟಿಯ ಒಂದು ಪ್ರತಿಯನ್ನೂ, ಅವನ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಬರೆದ ಒಂದು ಕಾಗದವನ್ನೂ ಕೊಟ್ಟು ಕಳುಹಿಸುವುದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಒಂದು ಲಕೋಟೆ ಸಾಕು.

ಈಗ ಅವನು ಟೆಂಪೋ ಬಿಟ್ಟಿದ್ದಾನೆ. ನಮ್ಮ ತೋಟದ ನೀರು, ಗೊಬ್ಬರ, ಕಾಯಿ ಕೀಳಿಸುವುದು ಅವನ ಪಾಲಿಗೆ. ಅರ್ಧಕ್ಕೆ ಬಿಟ್ಟ ಪಾತಿಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ತಿಂಗಳಿಗೊಮ್ಮೆ ಔಷಧಕ್ಕಾಗಿ ಹಾಸನಕ್ಕೆ ಹೋಗಿಬರುತ್ತಾನೆ. ಖರ್ಚನ್ನು ಅಕ್ಕ ಹಾಲಿನ ಹಣದಿಂದ ಹೊಂದಿಸುತ್ತಾಳೆ. ಪ್ರಕರಣ ಇನ್ನೂ ತೀರ್ಮಾನವಾಗಿಲ್ಲ. ಮೂವರು ಸಾಕ್ಷಿಗಳ ವಿಚಾರಣೆ ಉಳಿದಿದೆ. ಅವರಲ್ಲಿ ಗಾಯಗೊಂಡ ಯುವಕನೂ ಒಬ್ಬ. ಶಿಕ್ಷೆಯಾದರೆ ಒಳಗೆ ಔಷಧ ಮುಂದುವರಿಯಬೇಕೆಂದು ಕೋರುವ ಅರ್ಜಿಯ ಕರಡನ್ನು ನಾನು ಈಗಾಗಲೇ ಬರೆದಿಟ್ಟಿದ್ದೇನೆ. ಅವನು ಅದನ್ನು ಓದಿ, ತಾರೀಕು ಹಾಕುವ ಜಾಗವನ್ನು ಬಿಟ್ಟು, ಕೆಳಗೆ ಸಹಿ ಮಾಡಿ ಕೊಟ್ಟಿದ್ದಾನೆ.